ಪದಚರ್ಚೆ: ಡಿಸ್ಕಿನಲ್ಲಿ ಉಳಿದ ಹಳೇ ವಿಂಡೋಸ್ ‘ಅಳಿದುಳಿದದ್ದೋ’, ‘ಕೂಳೆಯೋ’?

ಪ್ರಶ್ನೆ (ಸಾಗರದಿಂದ):

ಸಾಗರ, ಹೊಸನಗರ ಕಡೆಯ ಕಂಪ್ಯೂಟರ್ ಕೇಂದ್ರಗಳ ಗೋಡೆಗೆ ಅಂಟಿಸಲು ಒಂದು ಪುಟದ ಕನ್ನಡ ಸೂಚನೆ ಸಿದ್ಧವಾಗುತ್ತಿದೆ. ಹೊಸ ವಿಂಡೋಸ್ ಹಾಕಿದ ಮೇಲೆ ಸಿ ಡ್ರೈವಿನಲ್ಲಿ ಉಳಿದುಬಿಡುವ ‘ವಿಂಡೋಸ್ ಡಾಟ್ ಓಲ್ಡ್’ ಫೋಲ್ಡರನ್ನು ತೆಗೆಯುವುದು ಹೇಗೆ ಎಂಬುದು ವಿಷಯ. ಎರಡು ಕಡೆ ಪದ ಕೈಕೊಡುತ್ತಿದೆ. ಆ ಫೋಲ್ಡರಿಗೆ ಕರಡಿನಲ್ಲಿ ‘ಅವಶೇಷ ಕಡತಕೋಶ’ ಎಂದಿದೆ, ಓದಿದವರಿಗೆ ಹಿಡಿಯುತ್ತಿಲ್ಲ. ಇನ್ನೊಂದು, ಕ್ರಿಯಾಪದ. ಅಳಿಸು, ತೆಗೆದುಹಾಕು, ಒರೆಸು ಇವೆಲ್ಲ ಒಂದೇ ಅರ್ಥದವೇ? ‘ಕಡತಕೋಶವನ್ನು ಅಳಿಸಿ’ ಎಂದು ಓದಿ ಡಿಲೀಟ್ ಒತ್ತಿದವರಿಗೆ ‘ಅನುಮತಿ ಇಲ್ಲ’ ಎಂಬ ಕಿಟಕಿ ತೆರೆದುಕೊಳ್ಳುತ್ತದೆ, ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಉತ್ತರ (ಶಿವಮೊಗ್ಗದಿಂದ):

ಕ್ರಿಯಾಪದ ಮೊದಲು ನೋಡೋಣ, ಕೆಲಸ ಕೆಡುವುದು ಅಲ್ಲೇ.

‘ಅಳಿ’ ಎಂದರೆ ತಾನಾಗಿ ಇಲ್ಲವಾಗುವುದು, ‘ಅಳಿಸು’ ಎಂದರೆ ಇಲ್ಲವಾಗಿಸುವುದು. ಸ್ಲೇಟಿಗೆ, ಕರಿಹಲಗೆಗೆ ಈ ಪದ ಪೂರ್ತಿ ಒಪ್ಪುತ್ತದೆ. ಹಿಂದಿನ ಕಡತಕ್ಕೂ ಒಪ್ಪುತ್ತಿತ್ತು. ಶೃಂಗೇರಿ ಮಠದಲ್ಲಿ ಉಳಿದುಬಂದಿರುವಂಥ ಹಳೆಯ ಕಡತಗಳು ಬಟ್ಟೆಯವು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದ ಸಾಲನ್ನು ಒರೆಸಿ ಅದೇ ಮಡಿಕೆಯ ಮೇಲೆ ಮತ್ತೆ ಬರೆಯಬಹುದಿತ್ತು. ಅಲ್ಲಿ ಅಳಿಸಿದರೆ ಅಳಿಯಿತು, ಜಾಗವೂ ಆಯಿತು.

ಕಂಪ್ಯೂಟರಿನಲ್ಲಿ ಡಿಲೀಟ್ ಒತ್ತಿದಾಗ ಹಾಗಾಗುವುದಿಲ್ಲ. ಫೈಲು ರಿಸೈಕಲ್ ಬಿನ್‌ಗೆ ಹೋಗುತ್ತದೆ. ಆ ಬುಟ್ಟಿ ಇರುವುದು ಅದೇ ಡ್ರೈವಿನಲ್ಲಿ, ಹಾಗಾಗಿ ಒಂದು ಎಂಬಿಯೂ ಬಿಡುವಾಗುವುದಿಲ್ಲ. ಬುಟ್ಟಿ ಖಾಲಿ ಮಾಡಿದರೆ ಡಿಸ್ಕಿನ ಖಾತೆಪುಸ್ತಕದಲ್ಲಿ ‘ಈ ಜಾಗ ಖಾಲಿ’ ಎಂದು ಗುರುತು ಬೀಳುತ್ತದೆ, ಅಷ್ಟೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅದರ ಮೇಲೆ ಬೇರೇನೋ ಬರೆಯುವ ತನಕ ಒಳಗಿನ ಬರಹ ಹಾಗೇ ಇರುತ್ತದೆ. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯಲ್ಲಿ ಮಾತ್ರ ಟ್ರಿಮ್ ಎಂಬ ಏರ್ಪಾಡಿನಿಂದ ಆ ಜಾಗ ಬೇಗ ನಿಜಕ್ಕೂ ಖಾಲಿಯಾಗುತ್ತದೆ, ಮರಳಿ ಪಡೆಯುವ ಆಸೆ ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಮೂರು ಕೆಲಸಕ್ಕೆ ಮೂರು ಮಾತು ಇರಲಿ: ‘ಬುಟ್ಟಿಗೆ ಹಾಕು’, ‘ತೆಗೆದುಹಾಕು’, ‘ಒರೆಸು’. ಯಂತ್ರ ಮಾರುವ ಮುಂಚೆ ಡಿಸ್ಕಿನ ತುಂಬ ಬೇರೆ ಬರಹ ತುಂಬಿಸಿ ಹಳೆಯದನ್ನು ಮುಚ್ಚುವುದಕ್ಕೆ ಮಾತ್ರ ‘ಒರೆಸು’. ನಿಮ್ಮ ಸೂಚನೆಗೆ ಬೇಕಾದದ್ದು ‘ತೆಗೆದುಹಾಕು’.

‘ಕಡತಕೋಶ’ ಬಿಡಿ. ತಾಲ್ಲೂಕು ಕಚೇರಿಗೆ ನಾಲ್ಕು ಸಲ ಹೋಗಿಬಂದ ಯಾರನ್ನೇ ಕೇಳಿ, ಕಡತವೆಂದರೆ ಹಲವು ಹಾಳೆಗಳ ಕಟ್ಟು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಫೋಲ್ಡರ್, ಫೈಲ್ ಅಲ್ಲ. ‘ಕಡತ ತೆಗೆದುಹಾಕಿ’ ಎಂದರೆ ಒಬ್ಬರು ಒಂದು ಫೈಲು, ಇನ್ನೊಬ್ಬರು ಇಡೀ ಕಟ್ಟು ಎಂದುಕೊಳ್ಳುತ್ತಾರೆ. ಫೋಲ್ಡರ್, ಫೈಲ್ ಎಂದೇ ಬರೆಯಿರಿ.

ಇದಕ್ಕಿಂತ ಅಪಾಯದ ಮಾತು ನಮ್ಮ ಅಂಗಡಿ ಕನ್ನಡದ ‘ಫಾರ್ಮ್ಯಾಟ್ ಹೊಡೆಸು’. ವಿಂಡೋಸ್ ಹೊಸದಾಗಿ ಹಾಕಿಸಿದ್ದಕ್ಕೆಲ್ಲ ಹೀಗೇ ಅನ್ನುತ್ತೇವೆ. ನಿಜವಾದ ಫಾರ್ಮ್ಯಾಟ್ ಎಂದರೆ ಡಿಸ್ಕಿನ ಒಂದು ಭಾಗವನ್ನು (ಪಾರ್ಟಿಷನ್) ಪೂರ್ತಿ ಬರಿದು ಮಾಡುವುದು. ಅದು ಆಗಿದ್ದರೆ ಆ ಭಾಗದಲ್ಲಿ ಹಳೇ ವಿಂಡೋಸ್ ಫೋಲ್ಡರ್ ಇರಲು ಸಾಧ್ಯವೇ ಇಲ್ಲ. ಅದು ಕಾಣುತ್ತಿದೆ ಎಂದರೆ ಸಾಮಾನ್ಯವಾಗಿ ಎರಡರಲ್ಲೊಂದು: ಹಳೆಯದರ ಮೇಲೆಯೇ ಅಪ್‌ಗ್ರೇಡ್ ಆಗಿದೆ, ಇಲ್ಲವೇ ಫಾರ್ಮ್ಯಾಟ್ ಮಾಡದೆ ಅದೇ ಭಾಗಕ್ಕೆ ಹೊಸದನ್ನು ಹಾಕಿದ್ದಾರೆ. ‘ಫಾರ್ಮ್ಯಾಟ್ ಹೊಡೆಸಿದ್ದೇವೆ, ಹಳೆಯದೇನೂ ಇಲ್ಲ’ ಎಂದುಕೊಂಡು ಫೋಲ್ಡರ್ ತೆಗೆಸಿದವರು ಅದರೊಳಗಿದ್ದ ತಮ್ಮ ಎಲ್ಲ ಫೈಲುಗಳನ್ನೂ ಕಳೆದುಕೊಳ್ಳುತ್ತಾರೆ. ಸೂಚನೆಯಲ್ಲಿ ಈ ಒಂದು ಪದದ ಬಗ್ಗೆ ಎರಡು ಸಾಲು ಇರಲೇಬೇಕು.

ಇನ್ನು ಹೆಸರು. ‘ಅಳಿದುಳಿದ’ ಎಂಬ ಮಾತು ನಮ್ಮಲ್ಲಿದೆ, ಅಳಿವೂ ಉಳಿವೂ ಒಂದೇ ಪದದಲ್ಲಿ ಸೇರಿಕೊಂಡದ್ದು. ಆದರೆ ಅದನ್ನು ಹೇಳುವುದು ಬಹುಪಾಲು ಹೋಗಿ ಚೂರುಪಾರು ಉಳಿದಾಗ. ವಿಂಡೋಸ್ ಓಲ್ಡ್ ಚೂರಲ್ಲ, ಹಳೆಯ ವಿಂಡೋಸ್, ಪ್ರೋಗ್ರಾಮ್ ಫೈಲ್ಸ್, ಯೂಸರ್ಸ್ ಫೋಲ್ಡರುಗಳು ಇಡಿಯಾಗಿ ಅಲ್ಲಿರುತ್ತವೆ. 10ರಿಂದ 30 ಜಿಬಿ ತನಕ ಸಾಮಾನ್ಯ. ಹಾವಿನ ‘ಪೊರೆ’ ಅನ್ನೋಣವೆಂದರೆ, ಬಿಟ್ಟ ಪೊರೆಯೊಳಗೆ ಹಾವು ಮತ್ತೆ ಹೊಗುವುದಿಲ್ಲ. ಇಲ್ಲಿ ಮರಳಿ ಹೊಗಬಹುದು. ಅಪ್‌ಗ್ರೇಡ್ ಆದ 10 ದಿನದೊಳಗೆ (ವಿಂಡೋಸ್ 11ರಲ್ಲಿ) ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಗೆ ಹೋಗಿ ‘ಗೋ ಬ್ಯಾಕ್’ ಒತ್ತಿದರೆ ಹಳೆಯ ವಿಂಡೋಸ್ ಈ ಫೋಲ್ಡರಿನಿಂದಲೇ ಎದ್ದು ಬರುತ್ತದೆ.

ಇದಕ್ಕೆ ನೇರವಾಗಿ ಕೂರುವ ಪದ ‘ಕೂಳೆ’. ಭದ್ರಾವತಿ ಕಡೆ ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ಬುಡ. ನೀರು ಬಿಟ್ಟರೆ ಅದೇ ಬುಡದಿಂದ ಮತ್ತೆ ಬೆಳೆ, ಅದು ಕೂಳೆ ಬೆಳೆ. ಉತ್ತುಬಿಟ್ಟರೆ ಮುಗಿಯಿತು. ವಿಂಡೋಸ್ ತಾನೇ ಉಳುವುದು, ಅಂದರೆ ಆ ಫೋಲ್ಡರನ್ನು ತೆಗೆದುಹಾಕುವುದು, 10 ದಿನಕ್ಕೆ. ಹಳೆಯ ಸೂಚನೆಗಳಲ್ಲಿ ಕಾಣುವ 30 ದಿನ ವಿಂಡೋಸ್ 10ರ ಮೊದಲ ಆವೃತ್ತಿಗಳದ್ದು, 2016ರ ಆಗಸ್ಟಿನ ಅಪ್‌ಡೇಟಿನಿಂದ ಅದು 10ಕ್ಕೆ ಇಳಿದಿದೆ. ಗಡುವು ಮುಗಿಯುವ ಮುಂಚೆ, ಕಮಾಂಡ್ ಪ್ರಾಂಪ್ಟಿನಲ್ಲಿ ಬರೆಯುವ ಡಿಸ್ಮ್ ಆಜ್ಞೆಯಿಂದ ಅದನ್ನು 60 ದಿನದವರೆಗೆ ಹಿಗ್ಗಿಸಬಹುದು.

ಹಂತಗಳನ್ನು ಹೀಗೆ ಬರೆಯಬಹುದು. ಮೊದಲು ಹಳೆಯ ಫೋಲ್ಡರಿನೊಳಗಿನ ಯೂಸರ್ಸ್ ತೆರೆದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ನೋಡಿ, ಬೇಕಾದದ್ದನ್ನು ಹೊರಗೆ ನಕಲು ಮಾಡಿಕೊಳ್ಳಿ. ಪಬ್ಲಿಕ್ ಫೋಲ್ಡರನ್ನೂ, ಪ್ರೋಗ್ರಾಮ್ ಫೈಲ್ಸನ್ನೂ ಮರೆಯಬೇಡಿ. ಅಡಿಕೆ ಮಂಡಿಗಳಲ್ಲಿ ಬಳಸುವ ಟ್ಯಾಲಿಯಂಥ ಲೆಕ್ಕದ ತಂತ್ರಾಂಶಗಳ ವರ್ಷಗಟ್ಟಲೆಯ ದತ್ತಾಂಶ ಅಲ್ಲಿ ಕೂತಿರಬಹುದು. ಕನ್ನಡದ ಕೆಲಸ ಮಾಡುವವರು ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿಗೂ ಇಳಿಯಬೇಕು. ‘ನುಡಿ 01 ಇ’ಯಂಥ ಹಳೆಯ ಫಾಂಟಿನಲ್ಲಿ ಮಾಡಿಟ್ಟ, ಯೂನಿಕೋಡ್ ಅಲ್ಲದ ಕರೆಯೋಲೆ, ಸಂಘದ ವರದಿ, ಪುಸ್ತಕಗಳು ಆ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ರಾಶಿಯಾಗಿ ಕಾಣುತ್ತವೆ, ಒಂದು ಪದವೂ ಓದಲಾಗುವುದಿಲ್ಲ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಅಲ್ಲಿ ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಾಲೇಷನ್’ ಮುಂದೆ ಗುರುತು ಹಾಕಿ. ಡೌನ್‌ಲೋಡ್ಸ್ ಎಂಬ ಸಾಲಿಗೆ ಗುರುತು ಬಿದ್ದಿದ್ದರೆ ತೆಗೆಯಿರಿ, ಅದು ನಿಮ್ಮ ಸ್ವಂತ ಫೈಲುಗಳ ಜಾಗ. ನಂತರ ‘ರಿಮೂವ್ ಫೈಲ್ಸ್’. ಹಾರ್ಡ್ ಡಿಸ್ಕಾದರೆ ಹೊತ್ತು ಹಿಡಿಯುತ್ತದೆ, ನಡುವೆ ಯಂತ್ರ ಆರಿಸಬಾರದು. ಮಳೆಗಾಲದಲ್ಲಿ ಕರೆಂಟ್ ಹೋಗಿಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈಹಾಕಬೇಡಿ ಎಂದೂ ಸೇರಿಸಿ.

ಮರುಉತ್ತರ (ತೀರ್ಥಹಳ್ಳಿಯಿಂದ):

‘ಕೂಳೆ’ ನನಗೂ ಒಪ್ಪಿಗೆ, ಆದರೆ ಅಪ್‌ಗ್ರೇಡ್ ಆದದ್ದಕ್ಕೆ ಮಾತ್ರ. ಫಾರ್ಮ್ಯಾಟ್ ಇಲ್ಲದೆ ಹೊಸದಾಗಿ ಹಾಕಿದಾಗಲೂ ಫೋಲ್ಡರಿನ ಹೆಸರು ಅದೇ, ‘ಗೋ ಬ್ಯಾಕ್’ ಮಾತ್ರ ಸಿಗುವುದಿಲ್ಲ. ಅದು ಚಿಗುರದ ಬುಡ. ಒಳಗಿನ ಸಾಮಾನನ್ನು ಒಂದೊಂದಾಗಿ ಇಳಿಸಿಕೊಳ್ಳಬಹುದು, ಅಟ್ಟಕ್ಕೆ ಹಾಕಿದ ಸಾಮಾನಿನ ಹಾಗೆ. ಆದ್ದರಿಂದ ಹೆಸರಾಗಿ ಜನ ಹೇಳುವ ‘ಹಳೇ ವಿಂಡೋಸ್ ಫೋಲ್ಡರ್’ ಎಂಬುದನ್ನೇ ಇಡಿ, ‘ಕೂಳೆ’ಯನ್ನು ವಿವರಣೆಯಲ್ಲಿ ಬಳಸಿ.

ಮೂರನೆಯ ಸಂದರ್ಭವೊಂದಿದೆ: ಹಳೆಯ ಯಂತ್ರದ ಡಿಸ್ಕನ್ನು ಹೊಸ ಯಂತ್ರಕ್ಕೆ ಎರಡನೆಯದಾಗಿ ಜೋಡಿಸಿದಾಗ ಅದರಲ್ಲಿರುವ ವಿಂಡೋಸ್. ಸ್ಟೋರೇಜ್ ಪಟ್ಟಿಯಲ್ಲಿ ಅದು ಬರುವುದಿಲ್ಲ, ಕೈಯಾರೆ ತೆಗೆಯಬೇಕು. ಆಗ ಎದುರಾಗುವುದು ಎರಡು ಪದ, ‘ಒಡೆತನ’ ಮತ್ತು ‘ಅನುಮತಿ’. ಇವನ್ನು ಒಂದೇ ಎಂದು ಬರೆದರೆ ಹಂತ ತಪ್ಪುತ್ತದೆ. ಆ ಫೈಲುಗಳ ಒಡೆಯ ವಿಂಡೋಸಿನದೇ ಒಳಖಾತೆಯಾದ ಟ್ರಸ್ಟೆಡ್ ಇನ್‌ಸ್ಟಾಲರ್, ಅಥವಾ ಹಳೆಯ ಯಂತ್ರದ ಬಳಕೆದಾರ ಖಾತೆ. ಹೊಸ ವಿಂಡೋಸಿಗೆ ಆ ಖಾತೆಯ ಪರಿಚಯವಿಲ್ಲದ ಕಾರಣ ಹೆಸರಿನ ಬದಲು ಉದ್ದದ ಅಂಕಿಸಾಲು ಕಾಣುತ್ತದೆ. ಮೊದಲು ಟೇಕ್‌ಓನ್ ಆಜ್ಞೆಯಿಂದ ಒಡೆತನ ಅಡ್ಮಿನಿಸ್ಟ್ರೇಟರ್ ಹೆಸರಿಗೆ ಬರಬೇಕು, ಜಮೀನಿಗೆ ಖಾತೆ ಬದಲಾವಣೆ ಆದಂತೆ. ಅಷ್ಟಕ್ಕೇ ತೆಗೆಯುವ ಅಧಿಕಾರ ಬಂದಿಲ್ಲ. ಅನುಮತಿ ಬರೆದುಕೊಳ್ಳುವ ಅಧಿಕಾರ ಮಾತ್ರ ಬಂದಿದೆ. ಐಕ್ಯಾಕಲ್ಸ್ ಆಜ್ಞೆಯಿಂದ ಪೂರ್ಣ ಅನುಮತಿ ಕೊಟ್ಟುಕೊಂಡ ಮೇಲೆಯೇ ಫೋಲ್ಡರ್ ತೆಗೆಯುವ ಆರ್‌ಡಿ ಆಜ್ಞೆ ಕೆಲಸ ಮಾಡುತ್ತದೆ. ಮೂರನ್ನೂ ಬರೆಯುವಾಗ ಡ್ರೈವಿನ ಅಕ್ಷರ ಎರಡು ಸಲ ನೋಡಿ. ಡಿ ಬದಲು ಸಿ ಬಿದ್ದರೆ ಈಗ ನಡೆಯುತ್ತಿರುವ ವಿಂಡೋಸಿಗೇ ಕೈಹಾಕಿದಂತೆ. ಹಳೆಯ ಯೂಸರ್ಸ್ ಒಳಗಿನ ‘ಆಲ್ ಯೂಸರ್ಸ್’ ಫೋಲ್ಡರಲ್ಲ, ಬರಿಯ ಕೊಂಡಿ. ಅದು ಸಿ ಡ್ರೈವಿನ ಈಗಿನ ಪ್ರೋಗ್ರಾಮ್ ಡೇಟಾದತ್ತ ತೋರಿಸುತ್ತಿರಬಹುದು. ಅದನ್ನು ತೆರೆದು ಒಳಗಿನದನ್ನು ಅಳಿಸಕೂಡದು.

ಆ ಡಿಸ್ಕಿನಲ್ಲಿ ಉಳಿಸಿಕೊಳ್ಳುವುದೇನೂ ಇಲ್ಲದಿದ್ದರೆ ಇಷ್ಟೆಲ್ಲ ಬೇಡ, ಅಕ್ಷರಶಃ ಫಾರ್ಮ್ಯಾಟ್ ಮಾಡುವುದೇ ಸರಿ. ಅದಕ್ಕೂ ಮುಂಚೆ ಒಂದು ಪರೀಕ್ಷೆ. ಹಳೆಯ ಡಿಸ್ಕ್ ಜೋಡಿಸಿಟ್ಟುಕೊಂಡೇ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿದ್ದರೆ, ಯಂತ್ರವನ್ನು ಎಬ್ಬಿಸುವ ಇಎಫ್‌ಐ ಭಾಗ ಹಳೆಯ ಡಿಸ್ಕಿನಲ್ಲೇ ಉಳಿದಿರಬಹುದು. ಸಾಮಾನ್ಯವಾಗಿ 100 ಎಂಬಿಯದು, ಡ್ರೈವಿನ ಅಕ್ಷರವಿಲ್ಲದ್ದರಿಂದ ಎಕ್ಸ್‌ಪ್ಲೋರರಿನಲ್ಲಿ ಕಾಣುವುದಿಲ್ಲ. ಅದು ಹೋದರೆ ಹೊಸ ವಿಂಡೋಸ್ ಇದ್ದೂ ಏಳುವುದಿಲ್ಲ. ಯಂತ್ರ ಆರಿಸಿ, ಪ್ಲಗ್ ಕಿತ್ತು, ಹಳೆಯ ಡಿಸ್ಕಿನ ಸಾಟಾ ಕೇಬಲ್ ಬಿಡಿಸಿ, ಆ ಡಿಸ್ಕಿಲ್ಲದೆಯೇ ಯಂತ್ರವನ್ನು ಮತ್ತೆ ಚಾಲೂ ಮಾಡಿ ನೋಡಿ. ವಿಂಡೋಸ್ ಎದ್ದರೆ ಫಾರ್ಮ್ಯಾಟ್ ಮಾಡಬಹುದು. ಏಳದಿದ್ದರೆ ಕೇಬಲ್ ಮರಳಿ ಹಾಕಿ, ಹೊಸ ಡಿಸ್ಕಿನಲ್ಲಿ ಇಎಫ್‌ಐ ಭಾಗ ಮಾಡಿಸುವ ತನಕ ಹಳೆಯದನ್ನು ಮುಟ್ಟಬೇಡಿ.