ಮರದ ಸ್ಟಾಕ್‌ನ .22 ರೈಫಲ್, 50 ಮೀಟರ್‌ನಲ್ಲಿ ಗ್ರೂಪ್ ಮೇಲೆ ಕೆಳಗೆ ಎಳೆಯುತ್ತಿದೆ: ಬೆಡ್ಡಿಂಗ್ ಮಾಡಿಸಲೋ, ಗುಂಡು ಬದಲಿಸಲೋ?

ಯಲಹಂಕ_ಪ್ರೋನ್

ನಮಸ್ಕಾರ. ಮರದ ಸ್ಟಾಕ್ ಇರುವ ಸಿಂಗಲ್ ಶಾಟ್ .22 ಮ್ಯಾಚ್ ರೈಫಲ್. ಮಳೆಗಾಲ ಶುರುವಾದ ಮೇಲೆ 10 ಗುಂಡಿನ ಗ್ರೂಪ್ ಎತ್ತರಕ್ಕೆ 24 ಮಿ.ಮೀ., ಅಗಲಕ್ಕೆ 11 ಮಿ.ಮೀ. ಬರುತ್ತಿದೆ (ರಂಧ್ರದ ಕೇಂದ್ರದಿಂದ ಕೇಂದ್ರಕ್ಕೆ). ರೆಸ್ಟ್ ಮೇಲಿಟ್ಟು ಹೊಡೆದರೂ ಹೆಚ್ಚು ಕಡಿಮೆ ಅಷ್ಟೇ. ಅಲ್ಯೂಮಿನಿಯಂ ಸ್ಟಾಕ್ ತಗೊಳ್ಳಿ ಅಂತ ಕೆಲವರು, ಟ್ಯೂನರ್ (ಬ್ಯಾರೆಲ್ ತುದಿಗೆ ಹಾಕಿ ಅದರ ಕಂಪನ ಹೊಂದಿಸುವ ಭಾರ) ಹಾಕಿ ಅಂತ ಇನ್ನು ಕೆಲವರು. ಆಕ್ಷನ್ (ಬೋಲ್ಟ್ ಕೂರುವ ಲೋಹದ ಭಾಗ) ಅನ್ನು ಸ್ಟಾಕ್‌ಗೆ ಹಿಡಿಯುವ ಸ್ಕ್ರೂಗಳನ್ನು ಅಲೆನ್ ಕೀಯಿಂದ ಕೈ ಅಂದಾಜಿನಲ್ಲಿ ಬಿಗಿದಿದೆ. ಬೆಡ್ಡಿಂಗ್ (ಆಕ್ಷನ್ ಕೂರುವ ಮರದ ಜಾಗಕ್ಕೆ ಎಪಾಕ್ಸಿಯ ಅಚ್ಚು ಹಾಕುವುದು) ಸೇರಿ, ಯಾವುದರಿಂದ ಶುರು ಮಾಡಲಿ?

ಸ್ಮಾಲ್‌ಬೋರ್_ಜಯನಗರ

ಸರ್, ದುಡ್ಡು ಹಾಕುವ ಮೊದಲು ಸ್ಕ್ರೂ ನೋಡಿ. ತೇವಕ್ಕೆ ಮರ ಉಬ್ಬುತ್ತೆ, ಫೆಬ್ರವರಿ-ಮಾರ್ಚ್‌ನ ಒಣ ಹವೆಗೆ ಕುಗ್ಗುತ್ತೆ. ಅದೇ ಸ್ಕ್ರೂ ಒಂದು ಕಾಲದಲ್ಲಿ ಹೆಚ್ಚು ಬಿಗಿ, ಇನ್ನೊಂದು ಕಾಲದಲ್ಲಿ ಸಡಿಲ. 1ರಿಂದ 10 ನ್ಯೂಟನ್ ಮೀಟರ್ ಅಳೆಯುವ ಚಿಕ್ಕ ಟಾರ್ಕ್ ರೆಂಚ್ ಎಸ್.ಜೆ.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ಕೇಳಿ. ತಯಾರಕರ ಪುಸ್ತಕದಲ್ಲಿ ಟಾರ್ಕ್ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಕೊಟ್ಟಿಲ್ಲದಿದ್ದರೆ, ಪಿಲ್ಲರ್ (ಸ್ಕ್ರೂ ಹಾಯುವ ಕಡೆ ಮರದೊಳಗೆ ಕೂರಿಸುವ ಲೋಹದ ಕೊಳವೆ) ಇಲ್ಲದ ಮರಕ್ಕೆ 3ರಿಂದ ಶುರು ಮಾಡಿ, ಅರ್ಧರ್ಧ ಏರಿಸಿ, 5 ದಾಟಬೇಡಿ. ಅದಕ್ಕಿಂತ ಬಿಗಿದರೆ ಮರವೇ ಕುಸಿಯುತ್ತೆ. ಮೊದಲು ಎರಡನ್ನೂ ಬೆರಳಲ್ಲಿ ಕೂರಿಸಿ, ಆಮೇಲೆ ಮುಂದಿನದು, ಕೊನೆಗೆ ಹಿಂದಿನದು. ಪ್ರತಿಸಲ ಇದೇ ಕ್ರಮ.

ಬ್ಯಾರೆಲ್ ಮರಕ್ಕೆ ತಾಗುತ್ತಿದೆಯಾ ಅನ್ನೋದನ್ನೂ ನೋಡಿ. ಮದುವೆ ಪತ್ರಿಕೆಯ ದಪ್ಪ ಕಾಗದದ ಪಟ್ಟಿ ತುದಿಯಿಂದ ಆಕ್ಷನ್‌ವರೆಗೂ ಸಲೀಸಾಗಿ ಜಾರಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ನಿಮ್ಮ ಉದ್ದ ಗ್ರೂಪ್‌ಗೆ ಒಂದು ಕಾರಣ ಅಲ್ಲೇ ಇದೆ.

ಆಮೇಲೆ ಡಯಲ್ ಗೇಜ್ ಪರೀಕ್ಷೆ. ಬೋಲ್ಟ್ ತೆಗೆದು, ಚೇಂಬರ್ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಂಡು, ಗೇಜ್‌ನ ಬುಡವನ್ನು ಸ್ಟಾಕ್‌ನ ಮುಂಭಾಗಕ್ಕೆ ಕ್ಲಾಂಪ್ ಮಾಡಿ, ಕಡ್ಡಿ ಬ್ಯಾರೆಲ್ ಮೇಲೆ ಕೂರಲಿ. ಹಿಂದಿನ ಸ್ಕ್ರೂ ಬಿಗಿಯಾಗೇ ಇರಲಿ, ಮುಂದಿನದನ್ನು ನಿಧಾನ ಸಡಿಲಿಸಿ. ಮುಳ್ಳು 0.05 ಮಿ.ಮೀ. ಒಳಗೆ ಕದಲಿದರೆ ಬೆಡ್ಡಿಂಗ್ ಚೆನ್ನಾಗಿದೆ. 0.1 ದಾಟಿದರೆ ಸ್ಕ್ರೂ ಬಿಗಿದಾಗಲೆಲ್ಲ ಆಕ್ಷನ್ ಬಾಗುತ್ತಿದೆ, ಬೆಡ್ಡಿಂಗ್ ಬೇಕು.

ಲಾಟ್_ನಂಬರ್

ಮೇಲಿನದೆಲ್ಲ ಸರಿ, ಆದರೆ ಎತ್ತರಕ್ಕೆ ಮಾತ್ರ ಹರಡುವ ಗ್ರೂಪ್‌ನಲ್ಲಿ ನನ್ನ ಮೊದಲ ಅನುಮಾನ ಗುಂಡಿನ ಮೇಲೆ. ಲೆಕ್ಕ ನೋಡಿ: 325 ಮೀ/ಸೆ. ಸುಮಾರಿಗೆ ಹೊರಡುವ 40 ಗ್ರೇನ್ ಗುಂಡು 50 ಮೀಟರ್ ತಲುಪಲು 0.16 ಸೆಕೆಂಡ್ ಬೇಕು, ಅಷ್ಟರಲ್ಲಿ 12-13 ಸೆಂ.ಮೀ. ಇಳಿಯುತ್ತೆ. ಒಂದು ಗುಂಡಿಗೂ ಇನ್ನೊಂದಕ್ಕೂ ವೇಗ 10 ಮೀ/ಸೆ. ವ್ಯತ್ಯಾಸವಾದರೆ ಎತ್ತರದಲ್ಲಿ 7-8 ಮಿ.ಮೀ. ವ್ಯತ್ಯಾಸ. ಬೆಡ್ಡಿಂಗ್ ಅದನ್ನು ಸರಿಪಡಿಸಲ್ಲ. ಟೆನೆಕ್ಸ್ ಆಗಲಿ, ಸೆಂಟರ್-ಎಕ್ಸ್ ಆಗಲಿ, ಆರ್50 ಆಗಲಿ, ಡಬ್ಬಿ ಮೇಲಿನ ಹೆಸರಿಗಿಂತ ಲಾಟ್ ನಂಬರ್ (ಒಂದೇ ಸಲಕ್ಕೆ ತಯಾರಾದ ಗುಂಡುಗಳ ಗುರುತು) ಮುಖ್ಯ. ನಿಮ್ಮ ಬ್ಯಾರೆಲ್‌ಗೆ ದುಬಾರಿ ಗುಂಡಿನ ಒಂದು ಲಾಟ್‌ಗಿಂತ ಅಗ್ಗದ್ದರ ಇನ್ನೊಂದು ಲಾಟ್ ಒಗ್ಗಬಹುದು.

ಪರೀಕ್ಷೆ ಹೀಗಿರಲಿ. ಮುಂದೆ ಹಿಂದೆ ಮರಳು ಚೀಲ. ಬೇರೆ ಬ್ರ್ಯಾಂಡಿಗೆ ಹೋದಾಗ ಮೊದಲ 15-20 ಗುಂಡು ಲೆಕ್ಕಕ್ಕಿಲ್ಲ, ಏಕೆಂದರೆ ಹಳೆಯ ಮೇಣದ ಲೇಪ ಹೋಗಿ ಹೊಸದು ಕೂರಬೇಕು. ಪ್ರತಿ ಲಾಟ್‌ಗೆ 10ರ ನಾಲ್ಕು ಗ್ರೂಪ್. ಒಂದೇ ಬ್ರ್ಯಾಂಡಿನ ಲಾಟ್‌ಗಳನ್ನು ಎ, ಬಿ, ಸಿ, ಆಮೇಲೆ ಸಿ, ಬಿ, ಎ ಅಂತ ತಿರುವಿ ಹೊಡೆಯಿರಿ, ಇಲ್ಲದಿದ್ದರೆ ಬೆಳಗಿನ ತಂಪು ಒಂದಕ್ಕೆ, ಹತ್ತು ಗಂಟೆಯ ಬಿಸಿಲು ಇನ್ನೊಂದಕ್ಕೆ ಬೀಳುತ್ತೆ. ಗುಂಡಿನ ಡಬ್ಬಿ ನೆರಳಲ್ಲಿರಲಿ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೇಡ. ಮಳೆಗಾಲದ ಪಡುವಣ ಗಾಳಿಯನ್ನೂ ಮರೆಯಬೇಡಿ: ಅಡ್ಡಗಾಳಿ 1 ಮೀ/ಸೆ. ಇದ್ದರೆ ಗುಂಡು ಸುಮಾರು 6 ಮಿ.ಮೀ. ಸರಿಯುತ್ತೆ. 15 ಮತ್ತು 35 ಮೀಟರ್‌ನಲ್ಲಿ ತೆಳು ರಿಬ್ಬನ್ ಕಟ್ಟಿ, ಅದು ಒಂದೇ ರೀತಿ ಇದ್ದಾಗ ಮಾತ್ರ ಹೊಡೆಯಿರಿ.

5 ಗುಂಡಿನ ಗ್ರೂಪ್ ನೋಡಿ ತೀರ್ಮಾನ ಬೇಡವೇ ಬೇಡ. ಅದೇ ರೈಫಲ್, ಅದೇ ಗುಂಡು, 10ರ ಗ್ರೂಪ್ ಸರಾಸರಿ ಕಾಲು ಭಾಗ ದೊಡ್ಡದಾಗೇ ಬರುತ್ತೆ. ಅತಿ ದೂರದ ಎರಡು ರಂಧ್ರ ಅಳೆಯುವುದಕ್ಕಿಂತ 40 ಗುಂಡಿನ ಸರಾಸರಿ ತ್ರಿಜ್ಯ (ಗ್ರೂಪ್‌ನ ಮಧ್ಯದಿಂದ ಪ್ರತಿ ರಂಧ್ರಕ್ಕಿರುವ ದೂರದ ಸರಾಸರಿ) ತೆಗೆಯಿರಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ನಿರ್ದೇಶಾಂಕ ಅದರಲ್ಲೇ ಸಿಗುತ್ತೆ.

ಗುರಿ ಎಷ್ಟು? ಟಾರ್ಗೆಟ್‌ನಲ್ಲಿ 10 ಅಂಕದ ವೃತ್ತದ ವ್ಯಾಸ 10.4 ಮಿ.ಮೀ., ಗುಂಡಿನದು 5.6. ಗೆರೆ ಮುಟ್ಟಿದರೂ 10 ಸಿಗುವುದರಿಂದ, ಸರಿಯಾಗಿ ಮಧ್ಯಕ್ಕೆ ಕೂತ 16 ಮಿ.ಮೀ. ಗ್ರೂಪ್ ಪೂರ್ತಿ 10ರಲ್ಲೇ. ಆದರೆ ಅದರಲ್ಲಿ ಶೂಟರ್‌ಗೆ ಏನೂ ಉಳಿಯಲ್ಲ. ರೆಸ್ಟ್ ಮೇಲೆ 11-12 ಬಂದರೆ ಆ ಲಾಟ್ ಬಿಡಬೇಡಿ.

ಯಲಹಂಕ_ಪ್ರೋನ್

ಇಬ್ಬರಿಗೂ ಧನ್ಯವಾದ. ಗೇಜ್ 0.12 ತೋರಿಸಿತು. ಕಾಗದ ಸಲೀಸಾಗಿ ಜಾರುತ್ತೆ. ಬೆಡ್ಡಿಂಗ್ ನಾನೇ ಮಾಡಬಹುದಾ? ಟ್ಯೂನರ್ ಯಾವಾಗ?

ಕೆಂಗೇರಿ_ಬೆಂಚ್

ಮಾಡಬಹುದು, ಆದರೆ ಕೆಲಸ ಸ್ಟಾಕ್‌ಗೆ ಮಾತ್ರ ಸೀಮಿತವಾಗಿರಲಿ. ಬ್ಯಾರೆಲ್, ಚೇಂಬರ್, ಬೋಲ್ಟ್, ಮೂತಿಯ ಅಂಚು ಮುಟ್ಟುವ ಯಾವ ಕೆಲಸವೂ ಲೈಸೆನ್ಸ್ ಇರುವ ಗನ್‌ಸ್ಮಿತ್‌ದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ರಿಪೇರಿಗೂ ಲೈಸೆನ್ಸ್ ಬೇಕು. 10 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಪಿಲ್ಲರ್‌ಗಳನ್ನು ಪೀಣ್ಯದ ಲೇತ್‌ನಲ್ಲಿ ಮಾಡಿಸಿ. ಅಳತೆ ಬರೆದುಕೊಂಡು ಹೋಗಿ, ರೈಫಲ್ ಒಯ್ಯಬೇಡಿ.

ಆಕ್ಷನ್ ಕೂರುವ ಕಡೆ ಮರವನ್ನು 1.5-2 ಮಿ.ಮೀ. ಕೆರೆದು ಒರಟು ಮಾಡಿ, ಎಣ್ಣೆ ಇದ್ದರೆ ಅಸಿಟೋನ್‌ನಿಂದ ಒರೆಸಿ. ಆಕ್ಷನ್‌ನ ಎಲ್ಲ ತೂತು, ಸಂದುಗಳಿಗೆ ಮಕ್ಕಳ ಕ್ಲೇ ತುಂಬಿ, ಲೋಹಕ್ಕೆ ಮೇಣ ಎರಡು ಸಲ ಹಚ್ಚಿ, ಸ್ಕ್ರೂಗಳಿಗೂ ಹಚ್ಚಿ. ಇಲ್ಲಿ ಆತುರ ಬಿದ್ದವರ ಆಕ್ಷನ್ ಮರದಲ್ಲೇ ಅಂಟಿಕೊಳ್ಳುತ್ತೆ. ಬ್ಯಾರೆಲ್ ತೋಡಿನ ಮಧ್ಯ ನಿಲ್ಲುವಂತೆ ಮುಂದೆ ಟೇಪ್ ಸುತ್ತಿ. ಉಕ್ಕಿನ ಪುಡಿ ಸೇರಿದ ಎಪಾಕ್ಸಿಯನ್ನು ಗುಳ್ಳೆ ಬರದಂತೆ ನಿಧಾನ ಕಲಸಿ ಹಾಕಿ, ಸ್ಕ್ರೂಗಳನ್ನು ಬಿಗಿಯದೆ ಬರೀ ಕೂರಿಸಿ. ಬಿಗಿದರೆ ಈಗಿನ ಬಾಗು ಹಾಗೇ ಅಚ್ಚಾಗುತ್ತೆ. 24 ಗಂಟೆ ಬಿಟ್ಟು ಬಿಚ್ಚಿ. ಒಳಗೆ ಲೇಪವಿಲ್ಲದೆ ಬರಿದಾಗಿರುವ ಮರಕ್ಕೆಲ್ಲ ತೆಳುವಾದ ವಾರ್ನಿಷ್ ಹೊಡೆಯಿರಿ, ಮುಂದಿನ ಮಳೆಗಾಲಕ್ಕೆ ಅದೇ ರಕ್ಷಣೆ. ಮತ್ತೆ ಗೇಜ್ ಇಟ್ಟು ನೋಡಿ, 0.05 ಒಳಗೆ ಬರಬೇಕು.

ಟ್ಯೂನರ್ ಕೊನೆಗೆ, ಬೆಡ್ಡಿಂಗ್ ಆಗಿ ಲಾಟ್ ಆಯ್ಕೆ ಮುಗಿದ ಮೇಲೆ. ಮೊದಲೇ ಹಾಕಿದರೆ ಲಾಟ್ ಬದಲಾದಾಗ ಎಲ್ಲ ಮತ್ತೆ ಶುರು. ಸ್ಪರ್ಧೆಯ ನಿಯಮದಲ್ಲಿ ಅದಕ್ಕೆ ಅವಕಾಶ ಇದೆಯಾ ಅಂತ ಕೊಳ್ಳುವ ಮುಂಚೆ ಓದಿ, ಒಟ್ಟು ತೂಕ 8 ಕೆ.ಜಿ. ಮೀರದಂತೆ ತಕ್ಕಡಿಗೂ ಇಡಿ. ಕೊನೆಯ ಪರೀಕ್ಷೆ ರೆಸ್ಟ್ ಮೇಲೆ ಬೇಡ, ಸ್ಲಿಂಗ್ (ತೋಳಿಗೂ ರೈಫಲ್‌ಗೂ ಕಟ್ಟುವ ಪಟ್ಟಿ) ಹಾಕಿ ಪ್ರೋನ್‌ನಲ್ಲೇ, ಅಂದರೆ ಬೋರಲು ಮಲಗಿ, ಹೊಡೆಯಿರಿ. ಸ್ಲಿಂಗ್ ಎಳೆತಕ್ಕೆ ಗುಂಡು ಬೀಳುವ ಜಾಗ ಬದಲಾಗುತ್ತೆ, ಸೈಟ್‌ನ ಸೊನ್ನೆಯನ್ನು ಅದಕ್ಕೇ ಹೊಂದಿಸಿ.