ಹಲಗೆ ಮೇಲೆ ಕೂತ ಜೇನು ಹೊಟ್ಟೆ ಆಡಿಸುವುದು ಯಾಕೆ?

ತುಡುವೆ ಪೆಟ್ಟಿಗೆ, ತೀರ್ಥಹಳ್ಳಿ ಹತ್ತಿರ
ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಹಾರಿ ಬಂದು ಬಾಗಿಲ ಹಲಗೆ ಮೇಲೆ ಕೂತ ಹುಳ ಸ್ವಲ್ಪ ಹೊತ್ತು ಹೊಟ್ಟೆಯನ್ನು ಹಿಂದೆ ಮುಂದೆ ಎಳೆಯುತ್ತಲೇ ಇರುತ್ತದೆ. ಏದುಸಿರು ಬಿಡುವ ಹಾಗೇ ಕಾಣುತ್ತದೆ. ಜೇನಿಗೆ ಶ್ವಾಸಕೋಶವೇ ಇಲ್ಲ ಅಂತಾಳೆ ಮಗಳು. ಅಮೀಬಾ ಇಡೀ ಮೈಯಿಂದ ಉಸಿರಾಡುತ್ತದೆ ಅಂತ ಅವಳ ಪುಸ್ತಕದಲ್ಲಿದೆ. ಜೇನೂ ಹಾಗೇನಾ?

ನಿವೃತ್ತ ಮೇಷ್ಟ್ರು, ಸಾಗರ
ನೀವು ನೋಡಿದ್ದು ಉಸಿರಾಟವೇ. ಮಗಳ ಮಾತೂ ಸರಿ.

ಅಮೀಬಾ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಚಿಕ್ಕದು. ನೀರಿನಲ್ಲಿ ಕರಗಿದ ಆಮ್ಲಜನಕ ತೆಳು ಪೊರೆ ದಾಟಿ ತಾನಾಗಿ ಒಳಗೆ ಹರಡುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಅಷ್ಟೇ, ಬೇರೇನೂ ಬೇಡ. ಆದರೆ ಹೀಗೆ ಹರಡುವಾಗ ದೂರ ಎರಡರಷ್ಟಾದರೆ ಸಮಯ ನಾಲ್ಕರಷ್ಟಾಗುತ್ತದೆ. ಜೇನಿನಷ್ಟು ದಪ್ಪದ ಮೈಗೆ ಇದು ಸಾಲದು. ಜೊತೆಗೆ ಅದರ ಹೊರಕವಚಕ್ಕೆ ಮೇಣದ ಲೇಪ ಬೇರೆ ಇದೆ. ಮೈಯ ನೀರು ಆರದಿರಲಿ ಅಂತ.

ಅದಕ್ಕೇ ಎದೆ, ಹೊಟ್ಟೆಯ ಪಕ್ಕದಲ್ಲಿ ಸಣ್ಣ ತೂತುಗಳಿವೆ, ಒಟ್ಟು 10 ಜೋಡಿ. ಅಲ್ಲಿಂದ ಹೊರಟ ಗಾಳಿಯ ಕೊಳವೆಗಳು ಕವಲೊಡೆಯುತ್ತಾ ಜೀವಕೋಶಗಳವರೆಗೂ ಹೋಗುತ್ತವೆ. ಆಮ್ಲಜನಕ ಹೊರುವ ಕೆಲಸ ಅದರ ರಕ್ತಕ್ಕಿಲ್ಲ, ಹಾಗಾಗಿ ಅದು ಕೆಂಪಗಿಲ್ಲ. ಗಾಳಿಯಲ್ಲಿ ಆಮ್ಲಜನಕ ನೀರಿಗಿಂತ ಸುಮಾರು 10,000 ಪಟ್ಟು ಬೇಗ ಹರಡುತ್ತದೆ. ಕೊಳವೆಯಲ್ಲಿ ಗಾಳಿಯೇ ತುಂಬಿರುವುದರ ಲಾಭ ಅದು.

ಒಳಗೆ ಗಾಳಿಚೀಲಗಳೂ ಇವೆ. ಹೊಟ್ಟೆ ಕುಗ್ಗಿ ಹಿಗ್ಗಿದಾಗ ಅವು ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆದು ಬಿಡುತ್ತವೆ. ಹಾರುವ ಸ್ನಾಯುಗಳಿಗೆ ಆಮ್ಲಜನಕ ವಿಪರೀತ ಬೇಕು. ಅದಕ್ಕೇ ಬಂದಿಳಿದ ಹುಳದಲ್ಲಿ ಇದು ಜಾಸ್ತಿ ಕಾಣುತ್ತದೆ.

ಅಡಿಕೆ ಗೊನೆ, ಹೊಸನಗರ
ನಿಂತ ನೀರಿಗೆ ಎಣ್ಣೆ ಬಿಟ್ಟರೆ ಸೊಳ್ಳೆಮರಿ ಸಾಯುವುದೂ ಇದಕ್ಕೇ ಅಲ್ವಾ?

ನಿವೃತ್ತ ಮೇಷ್ಟ್ರು, ಸಾಗರ
ಹೌದು. ಸಾಮಾನ್ಯವಾಗಿ ಅದು ತಲೆಕೆಳಗಾಗಿ ನೇತಾಡುತ್ತಾ ಬಾಲದ ಕಡೆಯ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿ ತಗೊಳ್ಳುತ್ತದೆ. ಎಣ್ಣೆಯ ಪದರ ಅದನ್ನು ತಡೆಯುತ್ತದೆ. ಬಾವಿಗೆ ಮಾತ್ರ ಬಿಡಬೇಡಿ ಮಾರಾಯ್ರೆ!

ತುಡುವೆ ಪೆಟ್ಟಿಗೆ, ತೀರ್ಥಹಳ್ಳಿ ಹತ್ತಿರ
ಮೇಷ್ಟ್ರೇ, ಉಂಬಳಕ್ಕೂ (ರಕ್ತ ಹೀರುವ ಜಿಗಣೆ) ಇಂಥ ತೂತು ಇದೆಯಾ? ಮಳೆಗಾಲ ಶುರುವಾದರೆ ತೋಟದಲ್ಲಿ ಅದರದೇ ಕಾಟ.

ನಿವೃತ್ತ ಮೇಷ್ಟ್ರು, ಸಾಗರ
ಇಲ್ಲ. ಉಂಬಳ ಕೀಟವಲ್ಲ, ಎರೆಹುಳುವಿನ ಬಳಗ. ಅದು ಉಸಿರಾಡುವುದು ಚರ್ಮದಿಂದ, ಚರ್ಮ ಒದ್ದೆ ಇದ್ದರೆ ಮಾತ್ರ. ಒಳಗೆ ಬಂದ ಆಮ್ಲಜನಕವನ್ನು ಹೊರುವುದಕ್ಕೆ ಅದರ ರಕ್ತದಲ್ಲೂ ಹಿಮೋಗ್ಲೋಬಿನ್ ಇದೆ. ಹಿಸುಕಿದಾಗ ಬರುವ ಕೆಂಪೆಲ್ಲ ನಿಮ್ಮ ಕಾಲಿನದೇ ಅಂದ್ಕೋಬೇಡಿ.