ಪದಚರ್ಚೆ: ‘ಕೋಪಿಂಗ್’ಗೆ ‘ನಿಭಾಯಿಸುವುದು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಕಾಲೇಜೊಂದರ ಸೈಕಾಲಜಿ ವಿದ್ಯಾರ್ಥಿಗಳು ಮಲ್ಪೆಯ ಮೀನುಗಾರ ಮನೆಗಳ ಹೆಂಗಸರನ್ನು ಮಾತಾಡಿಸಿ ಒಂದು ಅಧ್ಯಯನ ಮಾಡುತ್ತಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಸಂಪಾದನೆ ನಿಂತ ಆ ಹೊತ್ತಿನಲ್ಲೇ ಮಕ್ಕಳ ಫೀಸು, ಸಾಲದ ಕಂತು ಎಲ್ಲ ಬರುತ್ತದೆ. ಇದರಿಂದ ಮನಸ್ಸಿಗೆ ಏನಾಗುತ್ತದೆ ಎನ್ನುವುದು ಅವರ ವಿಷಯ. ಅವರ ಪ್ರಶ್ನಾವಳಿಯ ಕನ್ನಡವನ್ನು ನಾನು ನೋಡಿಕೊಡುತ್ತಿದ್ದೇನೆ. ‘ಕೋಪಿಂಗ್’, ಅಂದರೆ ಕಷ್ಟ ಬಂದಾಗ ಅದಕ್ಕಾಗಿ ಏನೆಲ್ಲ ಮಾಡುತ್ತೇವೋ ಅದು, ಆ ಪದದ ಹತ್ತಿರ ಬಂದು ನಿಂತಿದ್ದೇವೆ. ಅದಕ್ಕೆ ಮೊದಲು ಇನ್ನೆರಡು ಪದಗಳ ಮಾತು.

ಆಂಗ್ಸೈಟಿಗೆ ‘ಆತಂಕ’ ಗಟ್ಟಿಯಾಗಿ ಕೂತಿದೆ. ‘ಅಡ್ಡಿ ಆತಂಕ’ ಎನ್ನುವಾಗ ಅದು ತಡೆ. ಆಯುರ್ವೇದದಲ್ಲಿ ರೋಗಕ್ಕೇ ಇರುವ ಹೆಸರುಗಳಲ್ಲಿ ಅದೂ ಒಂದು. ಆದರೂ ಇವತ್ತು ಯಾರೂ ತಪ್ಪು ತಿಳಿಯುವುದಿಲ್ಲ, ಅದನ್ನು ಬಿಡೋಣ.

ಸ್ಟ್ರೆಸ್‌ಗೆ ‘ಒತ್ತಡ’ ಅಷ್ಟು ಸಲೀಸಲ್ಲ. ಇವರು ಬಳಸುತ್ತಿರುವುದು ಮನಶ್ಶಾಸ್ತ್ರಜ್ಞ ಶೆಲ್ಡನ್ ಕೋಹೆನ್ ಮತ್ತು ಜೊತೆಗಾರರು ಸ್ಟ್ರೆಸ್ ಅಳೆಯಲು 1983ರಲ್ಲಿ ರೂಪಿಸಿದ ಪ್ರಶ್ನಾವಳಿ. ಕಳೆದ ಒಂದು ತಿಂಗಳಲ್ಲಿ ಹೀಗೆ ಎಷ್ಟು ಸಲ ಅನ್ನಿಸಿತು ಎಂದು ಅದು ಕೇಳುತ್ತದೆ, ಉತ್ತರಕ್ಕೆ 0ಯಿಂದ 4ರವರೆಗೆ ಅಂಕ. ‘ಒತ್ತಡ ಎಷ್ಟು ಸಲ ಅನ್ನಿಸಿತು?’ ಎಂದು ಓದಿದಾಗ ಒಬ್ಬರು ಅಕ್ಕ ಪರ್ಸಿನಿಂದ ಡಾಕ್ಟರ ಚೀಟಿ ತೆಗೆದು ತೋರಿಸಿದರು. “ಬಿಪಿ ಮೊನ್ನೆ ನೋಡಿಸಿದ್ದೇನೆ, ಸರಿ ಉಂಟು” ಎಂದರು. ಅದನ್ನೇ ‘ಮಂಡೆಬಿಸಿ’ (ತಲೆಬಿಸಿ) ಎಂದು ಕೇಳಿದಾಗ, “ಅದು ಇಲ್ಲದ ದಿನ ಯಾವುದು ಹೇಳಿ” ಎಂದು ಕೂತು ಮಾತಾಡಿದರು. ತುಳುವಿನ ‘ಮಂಡೆ ಬೆಚ್ಚ’ವೇ ಇಲ್ಲಿನ ಕನ್ನಡದಲ್ಲಿ ಮಂಡೆಬಿಸಿ. ಈ ಊರಿನ ಪ್ರತಿಯಲ್ಲಿ ಅದೇ ಇರಲಿ ಎಂದು ನಾನು ಪಟ್ಟು ಹಿಡಿದಿದ್ದೇನೆ. ಪದ ಬದಲಾದರೆ ಅಂಕವೇ ಬದಲಾಗುತ್ತದೆ, ಅಲ್ವಾ?

ನನ್ನ ಮುಖ್ಯ ಪ್ರಶ್ನೆ ಕೋಪಿಂಗ್ ಬಗ್ಗೆ. ಎಲ್ಲರೂ ‘ನಿಭಾಯಿಸುವುದು’ ಎಂದು ಬರೆಯುತ್ತಾರೆ. ಆದರೆ ನಿಭಾಯಿಸಿದೆ ಅಂದರೆ ಕೆಲಸ ಸರಿಯಾಗಿ ಆಯಿತು ಎಂದೇ ಅರ್ಥ. ‘ಒಬ್ಬಳೇ ಸಂಸಾರ ನಿಭಾಯಿಸಿದಳು’ ಎನ್ನುವಾಗ ಮೆಚ್ಚುಗೆಯೂ ಸೇರಿರುತ್ತದೆ. ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ ಕೋಪಿಂಗ್‌ಗೆ 1984ರಲ್ಲಿ ಕೊಟ್ಟ ವಿವರಣೆಯಲ್ಲಿ ಈ ಗೆಲುವಿನ ಮಾತೇ ಇಲ್ಲ. ತನ್ನ ಶಕ್ತಿಗೆ ಮೀರಿದ್ದು ಎಂದು ಒಬ್ಬರಿಗೆ ಅನ್ನಿಸಿದಾಗ ಅವರು ಮಾಡುವ ಪ್ರಯತ್ನವೆಲ್ಲ ಕೋಪಿಂಗ್, ಫಲ ಏನೇ ಆಗಲಿ. ಸಂಘದಿಂದ ಸಾಲ ಎತ್ತುವುದೂ ಕೋಪಿಂಗ್, ಸಾಲ ಕೊಟ್ಟವರ ಫೋನು ತೆಗೆಯದೆ ಕೂರುವುದೂ ಕೋಪಿಂಗ್. ಹರಕೆ ಹೇಳಿಕೊಳ್ಳುವುದು, ಅಡುಗೆಮನೆಯಲ್ಲಿ ಅತ್ತು ಹಗುರಾಗುವುದು ಸಹ. ಸಮಸ್ಯೆಯನ್ನೇ ಸರಿಮಾಡಲು ಹೊರಡುವುದು ಒಂದು ಬಗೆ, ಅದರಿಂದ ಕದಡಿದ ಮನಸ್ಸನ್ನು ಸಮಾಧಾನಕ್ಕೆ ತಂದುಕೊಳ್ಳುವುದು ಇನ್ನೊಂದು ಬಗೆ ಎಂದು ಲಾಜರಸ್ ಮತ್ತು ಫೋಕ್‌ಮನ್ ವಿಂಗಡಿಸಿದರು. ಎರಡಕ್ಕೂ ಸಮಾನ ಜಾಗ ಉಂಟು.

ಈಗ ‘ಈ ಎರಡು ತಿಂಗಳು ಹೇಗೆ ನಿಭಾಯಿಸಿದಿರಿ?’ ಎಂದರೆ ಸಿಗುವ ಉತ್ತರ: “ಎಲ್ಲಿ ನಿಭಾಯಿಸಿದ್ದು, ಬಳೆ ಅಡವು ಇಟ್ಟದ್ದೇ.” ಅಲ್ಲಿಗೆ ಮಾತು ಮುಗಿಯುತ್ತದೆ. ನಮಗೆ ಬೇಕಾದ ಉತ್ತರ ಆ ಬಳೆಯೇ! ಅದನ್ನು ಸೋಲು ಎಂದು ಅವರ ಬಾಯಿಂದಲೇ ಹೇಳಿಸುವ ಪದ ನಮಗೆ ಬೇಡ.

‘ಎದುರಿಸುವುದು’ ಅಂದರೆ ಫೋನು ತೆಗೆಯದವರು ಹೊರಗೆ ಉಳಿಯುತ್ತಾರೆ. ‘ತಾಳಿಕೊಳ್ಳುವುದು’ ಅಂದರೆ ಸುಮ್ನೆ ಸಹಿಸಿದ ಹಾಗೆ, ಸಾಲಕ್ಕಾಗಿ ಓಡಾಡಿದವರಿಗೆ ಅದು ಸಲ್ಲದು. ನನಗೆ ಹತ್ತಿರ ಅನ್ನಿಸುವುದು ನಮ್ಮ ಕಡೆಯ ‘ಸುಧಾರಿಸುವುದು’. ಮನೆಗೆ ನೆಂಟರು ಜಾಸ್ತಿ ಬಂದು ಅನ್ನ ಕಡಿಮೆ ಆದರೂ ‘ಹೇಗೋ ಸುಧಾರಿಸಿದೆವು’ ಅನ್ನುತ್ತೇವೆ. ಇದರಲ್ಲೂ ದಾಟಿದ ಅರ್ಥ ಇದೆ, ಆದರೆ ಚೆನ್ನಾಗಿ ದಾಟಿದೆವು ಎಂಬ ಹೆಚ್ಚುಗಾರಿಕೆ ಇಲ್ಲ. ಬಳೆ ಅಡವಿಟ್ಟದ್ದನ್ನು ಇಲ್ಲಿ ಸಂಕೋಚವಿಲ್ಲದೆ ಹೇಳಬಹುದು.

ಘಟ್ಟದ ಮೇಲಿನವರಲ್ಲಿ ಒಂದು ಕೇಳಿಕೆ. ನಿಮ್ಮಲ್ಲಿ ‘ಸುಧಾರಣೆ’ ಅಂದರೆ ಉತ್ತಮಪಡಿಸುವುದು, ‘ಸುಧಾರಿಸಿಕೊ’ ಅಂದರೆ ದಣಿವಾರಿಸಿಕೊ. ಹಾಗಿರುವಾಗ ‘ಹೇಗೆ ಸುಧಾರಿಸಿದಿರಿ’ ಎಂದರೆ ಈ ಅರ್ಥ ಹೊಳೆಯುತ್ತದೆಯೇ? ಕುಂದಾಪುರದ ಕಡೆಯವರಲ್ಲಿ ಬೇರೆ ಕ್ರಿಯಾಪದ ಇದ್ದರೆ ವಾಕ್ಯದ ಜೊತೆ ಬರೆಯಿರಿ. ವರದಿಗೆ ನಾಮಪದವೂ ಬೇಕು. ‘ಸುಧಾರಿಕೆ’ ಎಂದು ಮಾಡಿಕೊಂಡರೆ ಕಿವಿಗೆ ಒಪ್ಪುತ್ತದೆಯೇ?